ಊರೂ ಹೊಸದು, ಹೊಣೆಯೂ ಹೊಸದು

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಯ ನಮ್ಮ ಬೀದಿಯಲ್ಲಿ ಧರ್ಮಸೇವೆಗೆ ಹೋದ ಮಕ್ಕಳ ವರ್ಗಾವಣೆಯದೇ ಮಾತು. ಹತ್ತೊಂಬತ್ತು, ಇಪ್ಪತ್ತು ವರ್ಷದ ಮಕ್ಕಳು. ಒಬ್ಬ ಬ್ರೆಜಿಲ್‌ನಲ್ಲಿ, ಒಬ್ಬಳು ಫಿಲಿಪ್ಪೀನ್ಸ್‌ನಲ್ಲಿ, ಇನ್ನೊಬ್ಬ ಇದೇ ದೇಶದ ಓಹಾಯೋದಲ್ಲಿ. ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ಅವರವರ ಮಿಷನ್‌ನಲ್ಲಿ (ಸೇವೆಯ ಪ್ರದೇಶದಲ್ಲಿ) ವರ್ಗಾವಣೆಯ ಪಟ್ಟಿ ಹೊರಡುತ್ತದೆ. ಕೆಲವರು ಇದ್ದಲ್ಲೇ ಉಳಿಯುತ್ತಾರೆ, ಕೆಲವರು ಎರಡು ಸೂಟ್‌ಕೇಸ್ ಕಟ್ಟಿಕೊಂಡು ಮರುದಿನವೇ ಬಸ್ಸು ಹತ್ತುತ್ತಾರೆ. ಆ ವಾರ ಇಲ್ಲಿನ ತಾಯಂದಿರು ಅಂಗಳದಲ್ಲಿ ಸಿಕ್ಕರೆ ಮೊದಲು ಕೇಳುವುದೇ ಇದನ್ನು: ಎಲ್ಲಿಗೆ ಹಾಕಿದರು, ಜೊತೆಗೆ ಯಾರು, ಹೊಸ ಕೆಲಸವೇನಾದರೂ ಕೊಟ್ಟರಾ?

ಇವರನ್ನು ಕಳಿಸುವುದು ಯೇಸು ಕ್ರಿಸ್ತನ ಕಡೆದಿನಗಳ ಸಂತರ ಚರ್ಚು. ಲೋಕದ ಬಾಯಲ್ಲಿ ಮಾರ್ಮನ್ನರು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಕಟ್ಟಿದ ಪಂಥ, ಬ್ರಿಗಮ್ ಯಂಗ್ ಮುಂದಾಳತ್ವದಲ್ಲಿ 1847ರಲ್ಲಿ ಈ ಕಣಿವೆಗೆ ಬಂದು ನೆಲೆಯೂರಿತು. ಇವರ ಮಕ್ಕಳು ಓದಿನ ನಡುವೆ ಬಿಡುವು ಮಾಡಿಕೊಂಡು ಧರ್ಮಸೇವೆಗೆ ಹೋಗುತ್ತಾರೆ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಮೊದಲು ಹುಡುಗರಿಗೆ 19, ಹುಡುಗಿಯರಿಗೆ 21 ತುಂಬಿರಬೇಕಿತ್ತು. 2012ರಲ್ಲಿ ಅದನ್ನು 18 ಮತ್ತು 19ಕ್ಕೆ ಇಳಿಸಿದರು, 2025ರಲ್ಲಿ ಹುಡುಗಿಯರಿಗೂ 18 ಮಾಡಿದರು. ಈಗ ಜಗತ್ತಿನಾದ್ಯಂತ 400ಕ್ಕೂ ಹೆಚ್ಚು ಮಿಷನ್‌ಗಳಲ್ಲಿ 70,000ಕ್ಕೂ ಹೆಚ್ಚು ಮಂದಿ ಹೀಗೆ ಮನೆ ಬಿಟ್ಟು ದುಡಿಯುತ್ತಿದ್ದಾರೆ. ಸಂಬಳವಿಲ್ಲ. ಖರ್ಚಿಗೆಂದು ತಿಂಗಳು ತಿಂಗಳು ಒಂದು ಮೊತ್ತವನ್ನು ಅವರ ಮನೆಯವರೇ ಕಟ್ಟುತ್ತಾರೆ, ಇಲ್ಲವೇ ಆ ಮಕ್ಕಳೇ ಮೊದಲು ದುಡಿದು ಕೂಡಿಟ್ಟಿರುತ್ತಾರೆ. ನಮ್ಮ ಬೆಂಗಳೂರಿನಲ್ಲೂ 1993ರಿಂದ ಇವರದೊಂದು ಮಿಷನ್ ಇದೆ. ಅಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿದರು.

ನಾನು ಈ ಚರ್ಚಿಗೆ ಸೇರಿದವನಲ್ಲ. ಉಡುಪಿ ಕಡೆಯವನು, ಕೃಷ್ಣಮಠದ ಊಟ ಉಂಡು ಬೆಳೆದವನು. ಇವರ ದೇವತಾಶಾಸ್ತ್ರದ ಬಗ್ಗೆ ತೀರ್ಪು ಕೊಡುವ ಉದ್ದೇಶ ನನಗಿಲ್ಲ, ಆ ಅಧಿಕಾರವೂ ಇಲ್ಲ. ಆದರೆ ಎಳೆಯ ವಯಸ್ಸಿನವರನ್ನು ಹೊಸ ಜಾಗಕ್ಕೆ ಕಳಿಸಿ, ಅಲ್ಲಿ ಅವರ ಕೈಗೆ ಹೊಣೆ ಕೊಡುವ ಇವರ ಪದ್ಧತಿಯನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದೇನೆ, ನಮ್ಮ ಪದ್ಧತಿಗಳೊಡನೆ ತೂಗಿ ನೋಡಿದ್ದೇನೆ. ಎಳೆಯರನ್ನು ನಂಬಿ ಕೆಲಸ ಒಪ್ಪಿಸುವುದರಲ್ಲಿ ಇವರು ನಮಗಿಂತ ಬಹಳ ಮುಂದಿದ್ದಾರೆ. ಹೊಸ ಊರಿಗೆ ಬಂದವನನ್ನು ಬರಮಾಡಿಕೊಂಡು ನೆಲೆ ನಿಲ್ಲಿಸುವುದರಲ್ಲಿ ನಾವು ಹಿಂದಿನಿಂದಲೂ ಗಟ್ಟಿಗರು. ಊರು ಬದಲಾದ ದಿನವೇ ಮುಂದಾಳುತನವನ್ನೂ ಹೊರಿಸುವುದು ತಪ್ಪು ಎಂಬ ನನ್ನ ಅನಿಸಿಕೆ ಈ ಎರಡನ್ನೂ ಜೊತೆಗಿಟ್ಟು ನೋಡಿದಾಗ ಹುಟ್ಟಿದ್ದು.

ಪಕ್ಕದ ಮನೆಯ ಹುಡುಗ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಮಿಷನ್‌ನಲ್ಲಿದ್ದ. ಮೊದಲ ಕೆಲವು ತಿಂಗಳು ಸಮುದ್ರದ ದಂಡೆಯ ದೊಡ್ಡ ನಗರ. ಪೋರ್ಚುಗೀಸ್ ಭಾಷೆ ನಾಲಿಗೆಗೆ ಕೂತಿತ್ತು, ಬೇಕರಿಯವನಿಗೆ ಇವನ ಮುಖ ಗುರ್ತಾಗಿತ್ತು, ಚರ್ಚಿನ ಮನೆಗಳಲ್ಲಿ ಇವನಿಗೆ ಏನು ಸೇರುತ್ತದೆ ಎಂದು ಗೊತ್ತಾಗಿತ್ತು. ಅಷ್ಟರಲ್ಲಿ ಒಳನಾಡಿನ ಒಣಸೀಮೆಯ ಊರೊಂದಕ್ಕೆ ವರ್ಗವಾಯಿತು. ಅದೇ ಫೋನ್ ಕರೆಯಲ್ಲಿ ಮಿಷನ್ ಅಧ್ಯಕ್ಷರು ಇನ್ನೊಂದು ಮಾತನ್ನೂ ಹೇಳಿದರು: ಅಲ್ಲಿ ನೀನು ಡಿಸ್ಟ್ರಿಕ್ಟ್ ಲೀಡರ್. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ, ಮುಖವನ್ನೇ ನೋಡಿರದ ಜೊತೆಗಾರನ ಕೈಕುಲುಕಿ, ಕೆಲವೇ ದಿನದಲ್ಲಿ ಆರು ಜನರ ಮುಂದೆ ನಿಂತು ಸಭೆ ನಡೆಸಬೇಕಾಯಿತು. ಆರರಲ್ಲಿ ಇಬ್ಬರು ಮಿಷನ್‌ಗೆ ಇವನಿಗಿಂತ ಮೊದಲೇ ಬಂದವರು. ಒಬ್ಬನಂತೂ ಮುಂದಿನ ಪಟ್ಟಿಗೆ ಮನೆಗೆ ಹೊರಡುವವನು.

ಡಿಸ್ಟ್ರಿಕ್ಟ್ ಎಂದರೆ ಸಣ್ಣ ಗುಂಪು, ಎರಡೋ ಮೂರೋ ನಾಲ್ಕೋ ಜೋಡಿಗಳು. ಇವರಲ್ಲಿ ಯಾರೂ ಒಂಟಿಯಾಗಿ ಓಡಾಡುವ ಹಾಗಿಲ್ಲ. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ ಕ್ರಮ ಅದು. ಮಲಗುವ ಮನೆ, ಓದುವ ಮೇಜು, ನಡೆಯುವ ದಾರಿ ಎಲ್ಲವೂ ಜೊತೆಗಾರನೊಂದಿಗೆ. ಜೊತೆಗಾರನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ, ಅಧ್ಯಕ್ಷರು ಹಾಕಿದವನೇ ಜೊತೆ. ಹೆಸರು ಹಿಡಿದು ಕರೆಯುವುದಿಲ್ಲ, ಹುಡುಗರೆಲ್ಲ ಎಲ್ಡರ್, ಹುಡುಗಿಯರೆಲ್ಲ ಸಿಸ್ಟರ್. ಎದೆಯ ಮೇಲೆ ಕಪ್ಪು ಫಲಕದಲ್ಲಿ ಮನೆತನದ ಹೆಸರು ಮಾತ್ರ. ಡಿಸ್ಟ್ರಿಕ್ಟ್ ಲೀಡರ್ ಆದವನು ತನ್ನ ದಿನದ ಕೆಲಸವನ್ನೆಲ್ಲ ಮಾಡಿಕೊಂಡು, ಅದರ ಮೇಲೆ ವಾರಕ್ಕೊಮ್ಮೆ ಸಭೆ ನಡೆಸಬೇಕು, ಬೇರೆ ಜೋಡಿಯವರ ಜೊತೆ ಒಂದೊಂದು ದಿನ ಓಡಾಡಿ ಅವರ ಕಷ್ಟಸುಖ ನೋಡಬೇಕು, ಫೋನ್ ಮಾಡಿ ವಿಚಾರಿಸುತ್ತಿರಬೇಕು. ಅವನ ಮೇಲೆ ಝೋನ್ ಲೀಡರ್, ಅವರ ಮೇಲೆ ಅಧ್ಯಕ್ಷರ ಸಹಾಯಕರು. ಎಲ್ಲರೂ ಇದೇ ವಯಸ್ಸಿನವರು. ಅಧ್ಯಕ್ಷರು ಮತ್ತು ಅವರ ಹೆಂಡತಿ ಮಾತ್ರ ಹಿರಿಯರು, ಮೂರು ವರ್ಷದ ಮಟ್ಟಿಗೆ ತಮ್ಮ ಉದ್ಯೋಗ ಬಿಟ್ಟು ಬಂದವರು.

ಈ ಹುದ್ದೆಯಲ್ಲಿ ಹೊರಗಿನವರಿಗೆ ಕಾಣದ ಒಂದು ಕೆಲಸವಿದೆ, ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಅದೇ. ಹೊಸದಾಗಿ ಚರ್ಚಿಗೆ ಸೇರುವವರಿಗೆ ದೀಕ್ಷಾಸ್ನಾನಕ್ಕೆ ಮೊದಲು ಒಂದು ಸಂದರ್ಶನ ಇರುತ್ತದೆ. ಪಾಠ ಹೇಳಿದವರೇ ಅದನ್ನು ಮಾಡುವಂತಿಲ್ಲ, ಡಿಸ್ಟ್ರಿಕ್ಟ್ ಲೀಡರ್ ಬಂದು ಮಾಡಬೇಕು. ಬಾಗಿಲು ಮುಚ್ಚಿದ ಕೋಣೆ, ಎರಡು ಕುರ್ಚಿ. ನಂಬಿಕೆಯ ಬಗ್ಗೆ ಪ್ರಶ್ನೆ, ಮದ್ಯ ಮತ್ತು ತಂಬಾಕಿನ ಬಗ್ಗೆ ಪ್ರಶ್ನೆ, ದಾಂಪತ್ಯದ ನಿಷ್ಠೆಯ ಬಗ್ಗೆ, ದೊಡ್ಡ ಅಪರಾಧವೇನಾದರೂ ಮಾಡಿದ್ದುಂಟೇ ಎಂಬುದರ ಬಗ್ಗೆ ಪ್ರಶ್ನೆ. ನಮ್ಮ ಹುಡುಗ ಆ ಊರಿಗೆ ಹೋಗಿ ಇನ್ನೂ ಬೀದಿಗಳ ಹೆಸರೇ ಬಾಯಿಗೆ ಬಂದಿರಲಿಲ್ಲ, ತನ್ನ ತಂದೆಯ ವಯಸ್ಸಿನ ಒಬ್ಬ ಮನುಷ್ಯನ ಎದುರು ಹೀಗೆ ಕೂತ. ಆ ಮನುಷ್ಯ ಏನು ಹೇಳಿದ ಎಂಬುದನ್ನು ಹುಡುಗ ಯಾರಿಗೂ ಹೇಳಿಲ್ಲ, ಹೇಳಲೂಬಾರದು. ತಾಯಿಯ ಹತ್ತಿರ ಅಂದದ್ದು ಇಷ್ಟು: "ಅವರು ತುಂಬ ಹೊತ್ತು ಅತ್ತರು. ಅವರ ಮಾತಿನ ಧಾಟಿ ನನಗಿನ್ನೂ ಪೂರ್ತಿ ತಿಳಿಯುವುದಿಲ್ಲ. ಅರ್ಧ ಮಾತು ಹಿಡಿಯಲಾಗಲಿಲ್ಲ. ಸುಮ್ಮನೆ ಕೂತಿದ್ದೆ."

ಒಳನಾಡಿನ ಪೋರ್ಚುಗೀಸ್ ಕರಾವಳಿಯದಕ್ಕಿಂತ ಬೇರೆಯಾಗಿ ಕೇಳಿಸುತ್ತದೆ ಎಂದು ಅವನು ಮೊದಲ ವಾರವೇ ಹೇಳಿದ್ದ. ಕುಂದಾಪುರದ ಮಾತು ಕೇಳಿ ಮೈಸೂರಿನವರು ಕಣ್ಣುಕಣ್ಣು ಬಿಡುವುದನ್ನು ನೋಡಿದ ನನಗೆ ಅದು ಚೆನ್ನಾಗಿ ಅರ್ಥವಾಯಿತು. ಸಂದರ್ಶನ ಮಾಡುವ ಯೋಗ್ಯತೆ ಆ ಹುಡುಗನಿಗೆ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯ ತನ್ನ ಬಾಳಿನ ಗುಟ್ಟು ಬಿಚ್ಚಿಡುವಾಗ ಎದುರು ಕೂತವನಿಗೆ ಆ ಊರಿನ ಮಾತು ಪೂರ್ತಿ ತಿಳಿಯುವಂತಿರಬೇಕು ಎಂಬುದಷ್ಟೇ ನನ್ನ ಮಾತು. ಇನ್ನೊಂದು ತಿಂಗಳು ಆ ಊರಿನ ಬೀದಿಗಳಲ್ಲಿ ಓಡಾಡಿದ್ದರೆ ಅವನಿಗೆ ಅದು ತಿಳಿಯುತ್ತಿತ್ತು.

ಕರಾವಳಿಯವರಿಗೆ ಈ ಕಥೆ ಹೊಸದಲ್ಲ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಅವಿಭಜಿತ ದಕ್ಷಿಣ ಕನ್ನಡ ಐದು ಬ್ಯಾಂಕುಗಳಿಗೆ ತವರು. ಬಡ್ತಿ ಬಂದರೆ ಬೆನ್ನಿಗೇ ವರ್ಗ ಎಂಬುದು ನಮ್ಮ ಎಷ್ಟೋ ಮನೆಗಳ ದಿನಚರಿ. ನನ್ನ ಅಪ್ಪ ಬ್ಯಾಂಕಿನವರು. ಮ್ಯಾನೇಜರ್ ಆಗಿ ಬಡ್ತಿ ಸಿಕ್ಕಿದಾಗ ಉತ್ತರದ ಒಂದು ಪಟ್ಟಣಕ್ಕೆ ಹಾಕಿದರು. ಅಪ್ಪನಿಗೆ ಹಿಂದಿ ಪುಸ್ತಕದಲ್ಲಿ ಓದಿದಷ್ಟೇ. ಲಾಡ್ಜಿನಲ್ಲಿ ಪೆಟ್ಟಿಗೆ ಇಟ್ಟು ಬೆಳಿಗ್ಗೆ ಹೋಗಿ ಚಾರ್ಜು ತೆಗೆದುಕೊಂಡರು. ಸ್ಟ್ರಾಂಗ್ ರೂಮಿನ ಕೀಲಿ, ರಿಜಿಸ್ಟರುಗಳು, ಸಾಲದ ಕಡತಗಳು, ಎಲ್ಲಕ್ಕೂ ಪಟ್ಟಿ ಮಾಡಿ ಸಹಿಯಾಯಿತು. ಮರುದಿನ ತಡವಾಗಿ ಬಂದ ಪ್ಯೂನನ್ನು ಎಲ್ಲರೆದುರು ಗದರಿಸಿದರು. ಆತನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಹಳೇ ಮ್ಯಾನೇಜರು ಒಂದು ತಾಸು ತಡವಾಗಿ ಬರಲು ಒಪ್ಪಿಗೆ ಕೊಟ್ಟಿದ್ದರು ಎಂಬುದು ಯಾವ ರಿಜಿಸ್ಟರಿನಲ್ಲೂ ಬರೆದಿರಲಿಲ್ಲ. ಹೆಡ್ ಕ್ಯಾಷಿಯರ್ ಸಂಜೆ ಮೆಲ್ಲಗೆ ತಿಳಿಸಿದರಂತೆ. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೂ ಅಪ್ಪ ಆ ಪ್ಯೂನಿನ ಹೆಸರು ಹೇಳುತ್ತಿದ್ದರು. ಹಾಗೆ ನೋಡಿದರೆ ಬಡ್ತಿಯ ಜೊತೆ ವರ್ಗ ಎಂಬ ಕಾಯಿಲೆ ನಮ್ಮಲ್ಲೂ ಇದೆ. ಸರ್ಕಾರಿ ನೌಕರಿಯ ನಿಯಮಗಳಲ್ಲಿ ಹೊಸ ಜಾಗಕ್ಕೆ ಸೇರಿಕೊಳ್ಳಲು ಕೆಲವು ದಿನದ ಅವಕಾಶವಿದೆ ನಿಜ. ಅದು ಸಾಮಾನು ಸಾಗಿಸುವುದಕ್ಕೆ, ಮನೆ ಹುಡುಕುವುದಕ್ಕೆ ಮುಗಿದುಹೋಗುತ್ತದೆ.

ಈಗ ಉಡುಪಿಯ ಪರ್ಯಾಯವನ್ನು ನೋಡಿ. ಮಧ್ವಾಚಾರ್ಯರು ಕೃಷ್ಣನ ಪೂಜೆಯನ್ನು ಎಂಟು ಮಠಗಳಿಗೆ ಸರದಿಯಂತೆ ಹಂಚಿದರು. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಆ ಎರಡು ವರ್ಷಕ್ಕೂ ಈ ಎಲ್ಡರ್‌ಗಳ ಎರಡು ವರ್ಷಕ್ಕೂ ನಂಟೇನೂ ಇಲ್ಲ, ಆದರೂ ಎರಡನ್ನೂ ಬಲ್ಲವನಿಗೆ ಹೋಲಿಸದೆ ಇರಲಾಗುವುದಿಲ್ಲ. ಎಂಟು ಮಠಗಳಲ್ಲಿ ಎರಡೆರಡು ಮಠ ಜೋಡಿ, ದ್ವಂದ್ವ ಮಠ ಎನ್ನುತ್ತೇವೆ. ಒಂದು ಪೀಠ ಬರಿದಾದರೆ ಮುಂದಿನವರನ್ನು ನೇಮಿಸುವ ಹೊಣೆ ಜೋಡಿಮಠದ ಸ್ವಾಮಿಗಳದು. 2018ರಲ್ಲಿ ಶೀರೂರು ಮಠದ ಪೀಠ ಬರಿದಾದಾಗ ಸೋದೆ ಮಠ ಅದನ್ನು ನೋಡಿಕೊಂಡಿತು. 2021ರಲ್ಲಿ ಹದಿಹರೆಯದ ವಟುವೊಬ್ಬರಿಗೆ ಸನ್ಯಾಸ ಕೊಟ್ಟು ಪೀಠದಲ್ಲಿ ಕೂರಿಸಿದರು. 2026ರ ಪರ್ಯಾಯದ ಸರದಿ ಅದೇ ಶೀರೂರು ಮಠದ್ದು. ಎಳೆಯರಿಗೆ ದೊಡ್ಡ ಹೊಣೆ ಕೊಡುವುದು ನಮಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ.

ಆದರೆ ಆ ಹೊಣೆ ಹೇಗೆ ಬರುತ್ತದೆ ನೋಡಿ. ಪರ್ಯಾಯಕ್ಕೆ ವರ್ಷ ಮೊದಲೇ ಬಾಳೆ ಮುಹೂರ್ತ, ಅಂದರೆ ಊಟದ ಎಲೆಗೆ ಬೇಕಾದ ಬಾಳೆಗಿಡ ನೆಡುವುದು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಪೀಠ ಏರಲಿರುವ ಸ್ವಾಮಿಗಳು ಸಂಚಾರ ಹೊರಟು ತೀರ್ಥಕ್ಷೇತ್ರಗಳನ್ನು ನೋಡಿ ಬರುತ್ತಾರೆ. ಜನವರಿಯಲ್ಲಿ ಪುರಪ್ರವೇಶ. ಊರಿನವರು ಮೆರವಣಿಗೆಯಲ್ಲಿ ಕರೆತರುತ್ತಾರೆ, ಸನ್ಮಾನ ಮಾಡುತ್ತಾರೆ. ಅಂದು ಪೀಠ ಇನ್ನೂ ಹಿಂದಿನವರದೇ. ಮತ್ತೆ ಕೆಲವು ದಿನ ಕಳೆದು, 18ರ ನಸುಕಿನಲ್ಲಿ, ಕಾಪುವಿನ ದಂಡತೀರ್ಥದಲ್ಲಿ ಮಿಂದು ಬಂದ ಮೇಲೆ, ಇಳಿಯುವ ಸ್ವಾಮಿಗಳು ತಮ್ಮ ಕೈಯಾರೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಏರುವವರ ಕೈಗೆ ಕೊಟ್ಟು ಸರ್ವಜ್ಞ ಪೀಠದ ಮೇಲೆ ಕೂರಿಸುತ್ತಾರೆ. ಊರಿಗೆ ಬರುವ ದಿನ ಬೇರೆ, ಪೀಠ ಏರುವ ದಿನ ಬೇರೆ. ನಡುವೆ ಊರಿಗೂ ಅವರಿಗೂ ಮುಖ ಪರಿಚಯ ಆಗಿರುತ್ತದೆ. ಒಪ್ಪಿಸುವವರು ಎದುರೇ ಇರುತ್ತಾರೆ.

ಕೃಷ್ಣಮಠದ ಪೀಠ ಎಲ್ಲಿ, ಆರು ಜನರ ಗುಂಪಿನ ಮುಂದಾಳು ಎಲ್ಲಿ ಎಂದು ಕೇಳುವವರಿದ್ದಾರೆ. ಅಳತೆ ಬೇರೆ ಎಂಬುದು ನನಗೂ ಗೊತ್ತು. ಒಳನಾಡಿನ ಆ ಹುಡುಗನಿಗೆ ಬಾಳೆ ಮುಹೂರ್ತ ಮಾಡಿ ಎಂದು ನಾನು ಕೇಳುತ್ತಿಲ್ಲ. ಆದರೆ ಅವನು ಬಸ್ಸಿಳಿಯುವ ಹೊತ್ತಿಗೆ ಹಳೇ ಲೀಡರ್ ಆಗಲೇ ಇನ್ನೊಂದು ಬಸ್ಸು ಹತ್ತಿ ಹೋಗಿದ್ದ. ಇವನಿಗೆ ಸಿಕ್ಕಿದ್ದು ಫೋನಿನಲ್ಲಿ ಒಂದು ಪಟ್ಟಿ. ಯಾವ ಮನೆಯಲ್ಲಿ ಯಾರು, ಎಷ್ಟು ಪಾಠ ಆಗಿದೆ, ಯಾವಾಗ ಹೋಗಬಹುದು. ಅದರಲ್ಲಿ ಒಂದು ಟಿಪ್ಪಣಿಯನ್ನು ಹುಡುಗ ವಾರದ ಕರೆಯಲ್ಲಿ ತಾಯಿಗೆ ಓದಿ ಹೇಳಿದ. ಅಡುಗೆಮನೆಯಲ್ಲಿ ನಾನೂ ಇದ್ದೆ. ಯಾರೋ ಹಿಂದಿನ ಎಲ್ಡರ್ ಬರೆದದ್ದು: ಈ ಮನೆಯ ಅಜ್ಜನಿಗೆ ಎಡಗಿವಿ ಕೇಳಿಸುವುದಿಲ್ಲ, ಬಲಕ್ಕೆ ಕೂತು ಮಾತಾಡಿ, ಅಜ್ಜಿ ಕಾಫಿ ಕೊಡಬಂದರೆ ಬೇಡವೆನ್ನುವ ಮೊದಲು ನೀರು ಕೇಳಿ, ಇಲ್ಲದಿದ್ದರೆ ನೊಂದುಕೊಳ್ಳುತ್ತಾರೆ. ಈ ಚರ್ಚಿನವರು ಕಾಫಿ ಕುಡಿಯುವುದಿಲ್ಲ, ಅದು ಅವರ ಧರ್ಮದ ನೇಮ. ಆ ಟಿಪ್ಪಣಿ ಬರೆದವನ ಮೇಲೆ ನನಗೆ ತುಂಬ ಗೌರವ ಹುಟ್ಟಿತು. ಇಂಥವನು ಒಂದು ವಾರ ಜೊತೆಗಿದ್ದು ಮನೆಮನೆಗೆ ಕರೆದೊಯ್ದಿದ್ದರೆ ಇನ್ನೆಷ್ಟು ಹೇಳಿಕೊಡುತ್ತಿದ್ದನೋ.

ಮನೆಗೆ ಹೊರಡುವವನಿದ್ದನಲ್ಲ, ಅವನು ಸಭೆಯಲ್ಲಿ ತಲೆ ಎತ್ತುತ್ತಲೇ ಇರಲಿಲ್ಲವಂತೆ. ಮನಸ್ಸು ಆಗಲೇ ಮನೆ ಸೇರಿದೆ ಎಂದುಕೊಂಡಿದ್ದ ನಮ್ಮ ಹುಡುಗ. ಅವನ ಅಪ್ಪನಿಗೆ ಹುಷಾರಿಲ್ಲ, ಮನೆಗೆ ಹೋದರೆ ಏನು ಕಾದಿದೆಯೋ ಎಂದು ಹೆದರಿದ್ದಾನೆ ಎಂಬುದು ತಿಳಿಯಲು ಮೂರು ವಾರ ಹಿಡಿಯಿತು. ಆರು ವಾರದ ಅವಧಿಯಲ್ಲಿ ಮೂರು ವಾರ ಎಂದರೆ ಅರ್ಧ.

ಇಷ್ಟೆಲ್ಲ ಹೇಳಿದ ಮೇಲೆ ಇವರಿಂದ ನಾವು ಕಲಿಯಬೇಕಾದ್ದನ್ನೂ ಅಷ್ಟೇ ಒತ್ತಿ ಹೇಳಬೇಕು. ಕಡಲಾಚೆ ಇಷ್ಟು ಕನ್ನಡ ಕೂಟಗಳಿವೆ. ರಾಜ್ಯೋತ್ಸವ, ಯುಗಾದಿ, ಗಣೇಶನ ಹಬ್ಬ, ಎಲ್ಲ ಚೆಂದವಾಗಿ ನಡೆಯುತ್ತದೆ. ಅಲ್ಲಿ ಹತ್ತೊಂಬತ್ತು ವರ್ಷದ ಮಕ್ಕಳ ಪಾಲಿಗೆ ಏನು ಬರುತ್ತದೆ? ಕುರ್ಚಿ ಜೋಡಿಸುವುದು, ಮೈಕ್ ಸರಿಮಾಡುವುದು, ಊಟ ಬಡಿಸುವುದು. ಕಾರ್ಯಕಾರಿ ಸಮಿತಿಯಲ್ಲಿ ನಲವತ್ತು ದಾಟದವರನ್ನು ಹುಡುಕಬೇಕು. ಮಕ್ಕಳಿಗೆ ಕನ್ನಡದ ಮೇಲೆ ಆಸಕ್ತಿ ಇಲ್ಲ ಎಂದು ಅದೇ ಸಮಿತಿಯವರು ಕೊರಗುತ್ತಾರೆ. ಅತ್ತ ಅದೇ ವಯಸ್ಸಿನ ಪಕ್ಕದ ಮನೆಯ ಹುಡುಗ ಪರದೇಶದಲ್ಲಿ ಪರಭಾಷೆಯಲ್ಲಿ ಸಭೆ ನಡೆಸುತ್ತಾನೆ, ಇಬ್ಬರು ಜೊತೆಗಾರರ ಜಗಳ ಬಿಡಿಸುತ್ತಾನೆ, ಜ್ವರ ಬಂದವಳಿಗೆ ಡಾಕ್ಟರ್ ವ್ಯವಸ್ಥೆ ಮಾಡಿಸುತ್ತಾನೆ. ಅವನು ನಮ್ಮ ಮಕ್ಕಳಿಗಿಂತ ಜಾಣನಲ್ಲ. ಅವನನ್ನು ನಂಬಿ ಕೊಟ್ಟರು, ಅವನು ಮಾಡಿದ. ಪಕ್ವವಾಗಲಿ ಆಮೇಲೆ ಕೊಡೋಣ ಎಂದು ನಾವು ಕಾಯುತ್ತೇವೆ. ಹೊಣೆಯನ್ನೇ ಹೊರದೆ ಯಾರು ಪಕ್ವವಾಗುತ್ತಾರೆ?

ಇಳಿಯುವ ವಿಷಯದಲ್ಲೂ ಇವರು ಮೇಲು. ಇಂದು ಝೋನ್ ಲೀಡರ್ ಆಗಿದ್ದವನು ಮುಂದಿನ ಪಟ್ಟಿಯಲ್ಲಿ ಯಾವ ಹುದ್ದೆಯೂ ಇಲ್ಲದ ಸಾದಾ ಎಲ್ಡರ್ ಆಗಬಹುದು, ಅದನ್ನು ಯಾರೂ ಹಿಂಬಡ್ತಿ ಎನ್ನುವುದಿಲ್ಲ. ಚರ್ಚಿನೊಳಗೂ ಹೀಗೆಯೇ. ಇವರ ಬಿಷಪ್ಪರಿಗೆ ಸಂಬಳವಿಲ್ಲ. ವಾರವಿಡೀ ತಮ್ಮ ಉದ್ಯೋಗ ಮಾಡಿ, ಸಂಜೆ ಮತ್ತು ಭಾನುವಾರ ಊರವರ ಕಷ್ಟ ಕೇಳುತ್ತಾರೆ. ಸುಮಾರು ಐದು ವರ್ಷಕ್ಕೆ ಬಿಡುಗಡೆ. ನಮ್ಮ ಬೀದಿಯ ಒಬ್ಬರು ಬಿಷಪ್ ಕೆಲಸದಿಂದ ಇಳಿದ ಮೇಲೆ ಮೂರು ವರ್ಷದ ಮಕ್ಕಳ ತರಗತಿಗೆ ಹೋಗಿ ಹಾಡು ಹೇಳಿಕೊಡುತ್ತಾರೆ. ಮುಖದಲ್ಲಿ ಅದೇ ಸಂತೋಷ. ನಮ್ಮ ಸಂಘಗಳ ಮಾಜಿ ಅಧ್ಯಕ್ಷರು ವೇದಿಕೆಯ ಮೊದಲ ಸಾಲು ಬಿಟ್ಟು ಕೂರುವುದು ಎಷ್ಟು ಕಷ್ಟ ಎಂಬುದನ್ನು ಕಂಡ ನನಗೆ ಇದು ದೊಡ್ಡ ಗುಣವಾಗಿ ಕಾಣುತ್ತದೆ.

ಅಮ್ಮ ಊರಿನಿಂದ ಬಂದು ನಮ್ಮ ಜೊತೆಗಿದ್ದಾಗ ಆ ಹುಡುಗನ ವಿಷಯ ಕೇಳಿ ಮೊದಲು ಅಂದದ್ದು, "ಅಲ್ಲಿ ಅವನಿಗೆ ಊಟ ಯಾರು ಹಾಕುದು ಮಗಾ?" ನಾನು ಪಕ್ಕದ ಮನೆಯಾಕೆಯನ್ನು ಕೇಳಿ ತಿಳಿಸಿದೆ. ಬ್ರೆಜಿಲ್‌ನಲ್ಲಿ ಮಧ್ಯಾಹ್ನದ ಊಟ ಹೆಚ್ಚಾಗಿ ಚರ್ಚಿನ ಸದಸ್ಯರ ಮನೆಗಳಲ್ಲಿ. ಯಾವ ದಿನ ಯಾರ ಮನೆ ಎಂದು ಮೊದಲೇ ಬರೆದಿಟ್ಟಿರುತ್ತಾರೆ. ಅಮ್ಮನ ಮುಖ ಅರಳಿತು. "ವಾರಾನ್ನ ಅಲ್ವಾ! ನನ್ನ ಅಪ್ಪಯ್ಯ ಉಡುಪಿಯಲ್ಲಿ ಓದಿದ್ದು ಹಾಗೆಯೇ." ನಮ್ಮಲ್ಲಿ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ವಿದ್ಯೆ ಕಲಿತರು. ಆ ಮನೆಯವರು ಊಟದ ಜೊತೆಗೆ ಊರನ್ನೂ ಬಡಿಸುತ್ತಿದ್ದರು ಎನ್ನುತ್ತಿದ್ದರಂತೆ ಅಜ್ಜ. ಯಾವ ಅಂಗಡಿಯಲ್ಲಿ ಸಾಲ ಕೊಡುತ್ತಾರೆ, ಯಾವ ಮೇಷ್ಟ್ರಿಗೆ ಮೂಗಿನ ಮೇಲೆ ಸಿಟ್ಟು, ಯಾರ ಮನೆಯಲ್ಲಿ ಕಾಯಿಲೆ, ಎಲ್ಲವೂ ಎಲೆಯ ಮುಂದೆ ಕೂತಾಗಲೇ ತಿಳಿಯುತ್ತಿತ್ತು.

ಹೊಸ ಎಲ್ಡರ್‌ಗೂ ಅದೇ ದಾರಿ ತೆರೆದಿದೆ, ಆದರೆ ಮುಂದಾಳಾದವನಿಗೆ ಆ ಎಲೆಯ ಮುಂದೆ ನೆಮ್ಮದಿಯಾಗಿ ಕೂರಲು ಹೊತ್ತಿಲ್ಲ. ಊಟದ ನಡುವೆ ಫೋನು, ಸಭೆಯ ತಯಾರಿ, ಮೇಲಿನವರಿಗೆ ಕೊಡಬೇಕಾದ ಲೆಕ್ಕ. ನಮ್ಮ ಹುಡುಗ ಮೊದಲ ಎರಡು ವಾರ ಯಾರ ಮನೆಯಲ್ಲಿ ಏನು ಉಂಡ ಎಂದು ತಾಯಿ ಕೇಳಿದರೆ ಅವನಿಗೆ ನೆನಪೇ ಇರಲಿಲ್ಲ. ಕರಾವಳಿಯ ನಗರದಲ್ಲಿದ್ದಾಗ ಪ್ರತಿ ಮನೆಯ ಹೆಸರೂ ಹೇಳುತ್ತಿದ್ದವನು.

ನಮ್ಮ ನೆಲಕ್ಕೆ ಬಂದ ಬೇರೆ ಮಿಷನರಿಗಳ ನೆನಪೂ ಇಲ್ಲಿ ಬರುತ್ತದೆ. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದವರು. ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದು 1843ರಲ್ಲಿ, ಬಂದ ಏಳು ವರ್ಷಕ್ಕೆ. ಕಿಟ್ಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅವರು ನೆಲದಲ್ಲಿ ಬೇರುಬಿಟ್ಟು ಕೆಲಸ ಮಾಡಿದರು. ಎರಡೇ ವರ್ಷದ ಸೇವೆಯಿಂದ ಅಂಥದ್ದನ್ನು ಬಯಸುವುದು ಅನ್ಯಾಯ, ಇವರ ಗುರಿಯೂ ಅದಲ್ಲ. ಆದರೂ ಒಂದು ಊರು ತನ್ನನ್ನು ತಾನು ತೋರಿಸಿಕೊಳ್ಳಲು ಇಷ್ಟು ಹೊತ್ತು ಬೇಕು ಎಂಬುದನ್ನು ಕಿಟ್ಟೆಲರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ.

ನನ್ನ ಮಾತಿಗೆ ಇಲ್ಲಿನ ಗೆಳೆಯರು ಎರಡು ಉತ್ತರ ಕೊಡುತ್ತಾರೆ. ಕರೆದ ದೇವರೇ ಶಕ್ತಿಯನ್ನೂ ಕೊಡುತ್ತಾನೆ ಎಂಬುದು ಮೊದಲನೆಯದು. ಆ ನಂಬಿಕೆಗೆ ನಾನು ತಲೆಬಾಗುತ್ತೇನೆ, ನಮ್ಮ ಮನೆಯಲ್ಲೂ ಭಾರ ಹೊರಿಸಿದವನೇ ಹೆಗಲು ಕೊಡುತ್ತಾನೆ ಎನ್ನುತ್ತಾರೆ. ಆದರೆ ವರ್ಷ ಮೊದಲೇ ಬಾಳೆಗಿಡ ನೆಡುವವರಿಗೂ ಕೃಷ್ಣನ ಮೇಲೆ ನಂಬಿಕೆ ಕಡಿಮೆಯೇನಿಲ್ಲ. ಎರಡನೆಯದು ಲೆಕ್ಕಾಚಾರದ ಮಾತು. ಅಧ್ಯಕ್ಷರ ಕೈಯಲ್ಲಿರುವ ಹುಡುಗರು ಇಷ್ಟೇ, ತುಂಬಬೇಕಾದ ಜಾಗ ಇಷ್ಟು, ಪ್ರತಿ ಆರು ವಾರಕ್ಕೆ ಕೆಲವರು ಮನೆಗೆ ಹೊರಡುತ್ತಾರೆ, ಕೆಲವರು ಹೊಸಬರು ಬರುತ್ತಾರೆ. ಇದರಲ್ಲಿ ಹುರುಳಿದೆ. ಎಲ್ಲ ಸಲವೂ ಕಾಯಲಾಗದು. ಆದರೂ ಆ ಊರಲ್ಲೇ ಇರುವ ಜೊತೆಗಾರನಿಗೆ ಹುದ್ದೆ ಕೊಟ್ಟು, ಹೊಸದಾಗಿ ಬಂದವನನ್ನು ಅವನ ಜೊತೆಗಿಟ್ಟರೆ ಜಾಗವೂ ತುಂಬುತ್ತದೆ, ಊರು ಬಲ್ಲವನೇ ಮುಂದಾಳೂ ಆಗುತ್ತಾನೆ. ಹೊಸಬ ಎಷ್ಟೇ ಹಳಬನಾದರೂ, ಎಷ್ಟೇ ಸಮರ್ಥನಾದರೂ, ಮೊದಲ ಆರು ವಾರ ಅವನು ಕಲಿಯುವವನಾಗಿ ಇರಲಿ.

ಮನೆಯವರು ಮಾಡಬೇಕಾದ್ದೂ ಇದೆ. 2019ರ ಫೆಬ್ರವರಿಯವರೆಗೆ ಈ ಮಕ್ಕಳು ಮನೆಗೆ ಫೋನ್ ಮಾಡುವಂತಿದ್ದುದು ವರ್ಷಕ್ಕೆರಡೇ ಸಲ, ಕ್ರಿಸ್ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. ಉಳಿದಂತೆ ವಾರದ ಪತ್ರ. ಈಗ ವಾರದ ಬಿಡುವಿನ ದಿನ ಮಾತಾಡಬಹುದು. ಇದು ತುಂಬ ಒಳ್ಳೆಯ ಬದಲಾವಣೆ. ಆದರೆ ಹುದ್ದೆ ಸಿಕ್ಕಿತೆಂದು ತಿಳಿದ ವಾರ ಮನೆಯವರ ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತದೆ, ಆ ಹೆಮ್ಮೆಯ ಎದುರು ಮಗ ತನಗೆ ಭಯವಾಗಿದೆ ಎಂದು ಹೇಳಲಾರ. ನಮ್ಮ ಕಡೆಯ ಹಾಗೆ ಮೊದಲು ಊಟ, ನಿದ್ದೆ, ನೀರು ಒಗ್ಗಿತಾ ಎಂದು ಕೇಳಲಿ. ಜೊತೆಗಾರ ಹೇಗೆ, ರಾತ್ರಿ ಕೋಣೆಯಲ್ಲಿ ಸೆಕೆಯಾ, ಬೂಟು ಸವೆದಿದೆಯಾ ಎಂದು ಕೇಳಲಿ. ಆರೋಗ್ಯ ಕೆಟ್ಟೋ ಮನಸ್ಸು ಕುಗ್ಗಿಯೋ ಅವಧಿಗೆ ಮೊದಲೇ ಮರಳಿ ಬರುವ ಮಕ್ಕಳೂ ಇದ್ದಾರೆ. ಅವರನ್ನು ಇಲ್ಲಿನ ಕೆಲವರು ನೋಡುವ ನೋಟ ನನಗೆ ನೋವು ಕೊಡುತ್ತದೆ. ಮಠ ಬಿಟ್ಟು ಬಂದ ವಟುವನ್ನು ನಮ್ಮೂರಲ್ಲಿ ನೋಡುವ ನೋಟವೂ ಅದೇ. ಇದರಲ್ಲಿ ಎರಡು ಕಡೆಯವರೂ ಬದಲಾಗಬೇಕು.

ನಮ್ಮ ಹುಡುಗ ಒಳನಾಡಿನ ಆ ಊರಲ್ಲಿ ಮೂರು ಅವಧಿ ಕಳೆದ. ಎರಡನೆಯ ಅವಧಿಯ ಹೊತ್ತಿಗೆ ಮಾತಿನ ಧಾಟಿ ಹಿಡಿದಿತ್ತು. ಸಂದರ್ಶನದಲ್ಲಿ ಅತ್ತ ಆ ಮನುಷ್ಯನೇ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದು, ಬೀನ್ಸ್ ಕಾಳು ಅನ್ನ ಬಡಿಸಿ, ಊರಿನ ಬರಗಾಲದ ಕಥೆಗಳನ್ನು ಹೇಳುತ್ತಿದ್ದನಂತೆ. ಹೊರಡುವ ವರ್ಗಾವಣೆ ಬಂದಾಗ ಹುಡುಗ ಅಧ್ಯಕ್ಷರನ್ನು ಒಂದು ಮಾತು ಕೇಳಿದ: ನನ್ನ ಜಾಗಕ್ಕೆ ಹೊರಗಿನವರನ್ನು ಲೀಡರ್ ಮಾಡಿ ಕಳಿಸಬೇಡಿ, ನನ್ನ ಜೊತೆಗಾರನಿಗೇ ಕೊಡಿ. ಜೊತೆಗಾರ ಬ್ರೆಜಿಲ್‌ನವನೇ, ಮಿಷನ್‌ನಲ್ಲಿ ಕಿರಿಯ, ಆದರೆ ಆ ಊರಿಗೆ ಬಂದು ಮೂರು ತಿಂಗಳಾಗಿತ್ತು. ಅಧ್ಯಕ್ಷರು ಒಪ್ಪಿದರು. ನಮ್ಮ ಹುಡುಗ ಮುಂದಿನ ಊರಿಗೆ ಯಾವ ಹುದ್ದೆಯೂ ಇಲ್ಲದೆ ಹೋದ. ಮೊದಲ ವಾರದ ಕರೆಯಲ್ಲಿ, ಯಾರ ಮನೆಯಲ್ಲಿ ಏನು ಉಂಡೆ ಎಂದು ತಾಯಿ ಕೇಳುವ ಮೊದಲೇ ಅವನು ಒಂದೊಂದಾಗಿ ಮನೆಗಳ ಹೆಸರು ಹೇಳತೊಡಗಿದ.